ನೆಗಡಿಯೋ, ನ್ಯುಮೋನಿಯಾನೋ? ನಮ್ಮ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಅವರೆಕಾಯಿ ಬರುವ ಹೊತ್ತಿಗೆ ನೆಗಡಿಯೂ ಬರುತ್ತದೆ. ಇಬ್ಬನಿ ಬಿದ್ದಷ್ಟೂ ಕಾಯಿಗೆ ಸೊಗಡು ಜಾಸ್ತಿ, ಆದರೆ ಮೂಗು ಕಟ್ಟಿದವರಿಗೆ ಆ ಸೊಗಡೇ ತಿಳಿಯುವುದಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಆರೋಗ್ಯ ಸಹಾಯಕಿಯಾಗಿ ಓಡಾಡಿದವಳು ನಾನು. ಡಿಸೆಂಬರ್‌ನಿಂದ ಶಿವರಾತ್ರಿವರೆಗೆ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಯಾವಾಗ ಮನೆಯಲ್ಲೇ ಇರಬಹುದು, ಯಾವಾಗ ಡಾಕ್ಟರ ಹತ್ತಿರ ಓಡಬೇಕು ಎನ್ನುವಷ್ಟಕ್ಕೆ ಇದನ್ನು ಬರೆದಿದ್ದೇನೆ.

ಬರೀ ನೆಗಡಿ ಅಂದ್ರೆ ಹೇಗಿರುತ್ತೆ?

ಮೊದಲು ಗಂಟಲು ಕೆರೆತ. ಆಮೇಲೆ ಸೀನು, ಮೂಗಿನಲ್ಲಿ ನೀರು. ಎರಡು ಮೂರನೇ ದಿನಕ್ಕೆ ಮೂಗು ಕಟ್ಟಿ ತಲೆ ಭಾರ, ಕೊನೆಗೆ ಕೆಮ್ಮು. ದೊಡ್ಡವರಿಗೆ ಜ್ವರ ಬರುವುದೇ ಅಪರೂಪ, ಬಂದರೂ ಮೈ ಬೆಚ್ಚಗಾಗುವಷ್ಟು. ಮಕ್ಕಳಿಗೆ ಮೊದಲ ಎರಡು ದಿನ ಸ್ವಲ್ಪ ಜ್ವರ ಇರಬಹುದು. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು, ಅದರಲ್ಲಿ ರೈನೋವೈರಸ್‌ನದೇ ದೊಡ್ಡ ಪಾಲು. ಹಾಗಾಗಿ ಹೋದ ತಿಂಗಳು ಆಯಿತಲ್ಲ, ಮತ್ತೆ ಯಾಕೆ ಬಂತು ಎಂದು ಕೇಳಿ ಪ್ರಯೋಜನವಿಲ್ಲ. ಈ ಸಲ ಬಂದದ್ದು ಬೇರೆಯದು. ಅಂಗನವಾಡಿಗೆ ಹೋಗಲು ಶುರು ಮಾಡಿದ ಮಗುವಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಆಗುವುದು ಸಹಜ. ಅದಕ್ಕೆಂದು ಟಾನಿಕ್ ತರುವ ದುಡ್ಡಿನಲ್ಲಿ ಮೊಟ್ಟೆ ತನ್ನಿ.

ನೆಗಡಿ ಆದವರು ಗೊಣಗುತ್ತಾರೆ, ಆದರೂ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬರುತ್ತಾರೆ. ಎದ್ದು ಕೂರಲೂ ಆಗದಂತೆ ಮಲಗಿಸಿಬಿಟ್ಟರೆ ಅದನ್ನು ನೆಗಡಿ ಎನ್ನಲು ನನಗೆ ಅನುಮಾನ.

ಎಷ್ಟು ದಿನ ಕಾಯಬಹುದು?

ನೆಗಡಿ ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತದೆ. ಕೆಮ್ಮು ಮಾತ್ರ ಇನ್ನೂ ಒಂದು ವಾರ ಎಳೆಯಬಹುದು. ದಿನದ ಲೆಕ್ಕದ ಜೊತೆಗೆ ಅದು ಯಾವ ದಾರಿ ಹಿಡಿದಿದೆ ಎಂದೂ ನೋಡಿ. ಎರಡು ಮೂರನೇ ದಿನ ಏರಿ, ಆಮೇಲೆ ದಿನದಿನಕ್ಕೆ ಇಳಿಯುತ್ತಿದ್ದರೆ ಸರಿ. ಐದನೇ ದಿನ ವಾಸಿಯಾದಂತೆ ಕಂಡು, ಏಳನೇ ದಿನ ಮತ್ತೆ ನಡುಕ ಬಂದು ಜ್ವರ ಏರಿದರೆ ಅದು ಬೇರೆ ಕಥೆ. ವೈರಸ್ ಹದಗೆಡಿಸಿದ ಜಾಗಕ್ಕೆ ಬ್ಯಾಕ್ಟೀರಿಯಾ ನುಗ್ಗುವುದು ಹೀಗೆಯೇ. ಹೋಗಿ ಬಂದ ಜ್ವರ ಎಂದರೆ ಆವತ್ತೇ ತೋರಿಸಬೇಕು. ಜ್ವರ ಬಿಡದೆ ಮೂರು ದಿನ ದಾಟಿದರೂ ಅಷ್ಟೇ.

ನಮ್ಮ ಕಡೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಡೇರಿಗೆ ಹಾಕಿದ ಹಾಲಿನ ಲೀಟರು ಬರೆಯುತ್ತಾರೆ. ಅದೇ ಚೌಕದಲ್ಲಿ ಜ್ವರ ಶುರುವಾದ ದಿನ ಒಂದು ಗುಂಡು ಸುತ್ತಿ. “ಸುಮಾರು ದಿನ ಆಯ್ತು ಮೇಡಂ” ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ಕಫ ಹಸಿರಾಗಿದೆ, ಆ್ಯಂಟಿಬಯೋಟಿಕ್ ಬೇಕಲ್ವಾ?

ಬೇಡ. ನೆಗಡಿಯಲ್ಲೂ ಮೂರು ನಾಲ್ಕು ದಿನಕ್ಕೆ ಸಿಂಬಳ ಗಟ್ಟಿಯಾಗಿ ಹಳದಿಗೋ ಹಸಿರಿಗೋ ತಿರುಗುತ್ತದೆ. ರೋಗದ ಜೊತೆ ಕಾದಾಡಿದ ಬಿಳಿ ರಕ್ತಕಣಗಳ ಬಣ್ಣ ಅದು. ಬಣ್ಣ ನೋಡಿ ಔಷಧಿ ಕೊಡುವುದಾದರೆ ಅರ್ಧ ಊರು ಆ್ಯಂಟಿಬಯೋಟಿಕ್ ನುಂಗಬೇಕಾಗುತ್ತದೆ, ನುಂಗುತ್ತಿದೆ ಕೂಡ. ವೈರಸ್‌ಗೆ ಆ ಮಾತ್ರೆ ನಾಟುವುದಿಲ್ಲ. ನೋಡಬೇಕಾದ ಬಣ್ಣ ಬೇರೆ: ಕಫ ತುಕ್ಕಿನ ಬಣ್ಣಕ್ಕೆ ತಿರುಗಿದರೆ, ಅದರಲ್ಲಿ ರಕ್ತದ ಎಳೆ ಕಂಡರೆ, ತುಟಿ ಉಗುರು ನೀಲಿಯಾದರೆ ತಡ ಮಾಡಬೇಡಿ.

ಮಗುವಿಗೆ ನ್ಯುಮೋನಿಯಾ ಅಂತ ಮನೇಲೇ ಹೇಗೆ ತಿಳಿಯೋದು?

ಉಸಿರು ಎಣಿಸಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಕೆಮ್ಮಿನ ಸದ್ದು, ಕಫದ ಬಣ್ಣ, ಹಣೆಯ ಬಿಸಿ ಎಲ್ಲವೂ ಮೋಸ ಮಾಡಬಹುದು. ಉಸಿರಿನ ಲೆಕ್ಕ ಮೋಸ ಮಾಡುವುದು ಕಡಿಮೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಕೀವು ನೀರು ತುಂಬಿದಾಗ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಾಲುವುದಿಲ್ಲ, ಅದಕ್ಕೆ ಮಗು ಬೇಗ ಬೇಗ ಉಸಿರಾಡುತ್ತದೆ.

ಎಣಿಸುವುದಕ್ಕೂ ಒಂದು ಕ್ರಮ ಇದೆ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ನಿದ್ದೆಯಲ್ಲಿದ್ದರೆ ಒಳ್ಳೆಯದು. ತಾಯಿಯ ಮಡಿಲಲ್ಲೇ ಇರಲಿ, ಅಂಗಿ ಎದೆಯ ಮೇಲಕ್ಕೆ ಸರಿಸಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು. ಮೊಬೈಲ್‌ನಲ್ಲಿ ಒಂದು ನಿಮಿಷ ಇಟ್ಟುಕೊಂಡು ಪೂರ್ತಿ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಬೇಡ, ಮಕ್ಕಳ ಉಸಿರು ಒಂದೇ ತಾಳದಲ್ಲಿ ಇರುವುದಿಲ್ಲ.

ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು. ಕೆಮ್ಮು ನೆಗಡಿಯ ಜೊತೆ ಈ ಲೆಕ್ಕ ಬಂದರೆ ನ್ಯುಮೋನಿಯಾ ಎಂದೇ ಹಿಡಿದು ಅದೇ ದಿನ ತೋರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಇದು. ಆಶಾ ಕಾರ್ಯಕರ್ತೆಯರಿಗೂ ಇದನ್ನೇ ಕಲಿಸುವುದು. ಮಕ್ಕಳ ನ್ಯುಮೋನಿಯಾ ತಡೆಯಲೆಂದೇ ಕೇಂದ್ರ ಸರ್ಕಾರ 2019ರಲ್ಲಿ ‘ಸಾನ್ಸ್’ ಎಂಬ ಅಭಿಯಾನ ಶುರು ಮಾಡಿತು.

ಎಣಿಕೆಗಿಂತ ದೊಡ್ಡ ಗುರುತು ಇನ್ನೊಂದಿದೆ. ತೆಲುಗು ಕನ್ನಡ ಎರಡೂ ಆಡುವ ನಮ್ಮ ಗಡಿ ಹಳ್ಳಿಗಳಲ್ಲಿ “ಪಕ್ಕೆ ಎಗರ್ತಾ ಇದೆ” ಅನ್ನುತ್ತಾರೆ. ಮಗು ಉಸಿರು ಒಳಗೆಳೆದಾಗ ಎದೆ ಉಬ್ಬುವ ಬದಲು ಪಕ್ಕೆಲುಬಿನ ಕೆಳಗಿನ ಭಾಗ ಗುಳಿ ಬಿದ್ದಂತೆ ಒಳಕ್ಕೆ ಹೋಗುತ್ತದೆ. ಡಾಕ್ಟರುಗಳು ಅದಕ್ಕೆ ಉದ್ದ ಹೆಸರಿಟ್ಟಿದ್ದಾರೆ, ಅಜ್ಜಿಯರ ಮಾತೇ ಚೆನ್ನಾಗಿದೆ. ಪಕ್ಕೆ ಎಗರುತ್ತಿದ್ದರೆ ಎಣಿಸುತ್ತ ಕೂರಬೇಡಿ, ಹೊರಡಿ. ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವ ಸದ್ದು ಬರುವುದು ಕೂಡ ಇದೇ ಜಾತಿಗೆ ಸೇರಿದ್ದು. ಮಗು ಹಾಲು ಕುಡಿಯಲಾಗದಿದ್ದರೆ, ಕುಡಿದದ್ದೆಲ್ಲ ಕಕ್ಕುತ್ತಿದ್ದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ ಆಗಲೂ ಯೋಚನೆ ಮಾಡುವ ಹೊತ್ತಲ್ಲ.

ಎದೇಲಿ ಗೊರಗೊರ ಅಂತಿದೆ. ಕಫ ಕಟ್ಟಿದೆಯಾ?

ಹತ್ತರಲ್ಲಿ ಎಂಟು ಸಲ ಅದು ಮೂಗಿನ ಸದ್ದು. ಕೂಸಿನ ಬೆನ್ನಿಗೆ ಕೈ ಇಟ್ಟರೆ ಗೊರಗುಟ್ಟುವುದು ಕೈಗೂ ತಿಳಿಯುತ್ತದೆ, ತಾಯಂದಿರು ಹೆದರುತ್ತಾರೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಉಪ್ಪುನೀರಿನ ಡ್ರಾಪ್ಸ್ ಎರಡೆರಡು ಹನಿ ಮೂಗಿಗೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೆಯ ತುದಿಯಲ್ಲಿ ತೆಗೆಯಿರಿ. ಸದ್ದು ಹೋಗಿ ಮಗು ಹಾಲು ಕುಡಿದರೆ ಅದು ಮೂಗೇ. ಎಣ್ಣೆ ಬಿಡಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇಲ್ಲದ ನ್ಯುಮೋನಿಯಾ ನೀವೇ ತಂದಂತೆ.

ಉಸಿರು ಹೊರಬಿಡುವಾಗ ಸಿಳ್ಳೆಯಂತೆ ಕೇಳಿಸಿದರೆ ಅದು ಗೂರಲಿನ, ಅಂದರೆ ಆಸ್ತಮಾದ ಕಡೆಗೆ ಹೋಗುತ್ತದೆ. ಒಳಗೆಳೆಯುವಾಗ ಕರಕರ ಎನ್ನುವ ಗಡಸು ಸದ್ದು, ಮಗು ಸುಮ್ಮನೆ ಮಲಗಿದ್ದಾಗಲೂ ಇದ್ದರೆ, ಗಂಟಲು ಕಟ್ಟಿಕೊಳ್ಳುತ್ತಿದೆ ಎಂದು ಅರ್ಥ. ಅದು ಆಸ್ಪತ್ರೆಯ ಕೇಸು.

ಎರಡು ತಿಂಗಳೂ ತುಂಬದ ಕೂಸಿಗೆ ನೆಗಡಿ ಆದ್ರೆ?

ಮನೆಮದ್ದು ಏನೂ ಬೇಡ. ಅಷ್ಟು ಎಳೆಯ ಕೂಸಿಗೆ ಸೋಂಕು ತಗುಲಿದರೆ ಜ್ವರದ ಬದಲು ಮೈ ತಣ್ಣಗಾಗಲೂಬಹುದು. ಹಾಲು ಕುಡಿಯುವುದು ಕಡಿಮೆಯಾದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ನೇರ ಮಕ್ಕಳ ಡಾಕ್ಟರ ಹತ್ತಿರ.

ವಯಸ್ಸಾದವರಲ್ಲೂ ಇದೇ ಗುರುತುಗಳಾ?

ಅಲ್ಲ, ಇಲ್ಲಿ ನಾನೇ ಎಡವಿದ್ದೇನೆ. ನಮ್ಮತ್ತೆಗೆ ಎಪ್ಪತ್ತೆಂಟು. ಐದು ದಿನದಿಂದ ನೆಗಡಿ. ಜ್ವರ ಇಲ್ಲ, ಕೆಮ್ಮೂ ಅಷ್ಟಕ್ಕಷ್ಟೆ. ಆರನೇ ದಿನ ಬೆಳಿಗ್ಗೆ ಕಾಫಿ ಲೋಟ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತರು, ಕುಡಿಯಲಿಲ್ಲ. ನನ್ನನ್ನು ಯಾವತ್ತೋ ತೀರಿಹೋದ ಅವರ ತಂಗಿಯ ಹೆಸರು ಹಿಡಿದು ಕರೆದರು. ಮೊದಲು ತೋರಿಸಿದ ಕಡೆ “ವಯಸ್ಸಾಯ್ತಲ್ಲ” ಎಂದು ವಿಟಮಿನ್ ಮಾತ್ರೆ ಬರೆದರು, ನಾನೂ ಒಪ್ಪಿಕೊಂಡು ಬಂದೆ. ಸಂಜೆ ದೀಪ ಹಚ್ಚುವಾಗ ಅವರ ಸೆರಗು ಬೇಗ ಬೇಗ ಏರಿಳಿಯುವುದು ಕಂಡಿತು. ಎಣಿಸಿದೆ, ನಿಮಿಷಕ್ಕೆ 32. ದೊಡ್ಡವರಿಗೆ ಇರಬೇಕಾದ್ದು 12ರಿಂದ 20. ಆಸ್ಪತ್ರೆಗೆ ಹೋದಾಗ ಆಕ್ಸಿಜನ್ 88, ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಬೆಳ್ಳನೆ ಮೋಡ. ಒಂಬತ್ತು ದಿನ ಇದ್ದು ಬಂದರು. ಊರವರ ಮಕ್ಕಳ ಉಸಿರನ್ನು ಅಷ್ಟು ವರ್ಷ ಎಣಿಸಿದವಳು ಮನೆಯಲ್ಲಿ ಒಂದು ನಿಮಿಷ ಕೂತು ಎಣಿಸಿರಲಿಲ್ಲ.

ವಯಸ್ಸಾದವರಿಗೆ ನ್ಯುಮೋನಿಯಾ ಜ್ವರವಿಲ್ಲದೆಯೂ ಬರುತ್ತದೆ. ಇದ್ದಕ್ಕಿದ್ದಂತೆ ಮಂಕಾಗುವುದು, ಮಾತು ತಪ್ಪುವುದು, ಊಟ ಬಿಡುವುದು, ಕಾರಣವಿಲ್ಲದೆ ಬೀಳುವುದು, ಇವೇ ಗುರುತು. ನಿಮಿಷಕ್ಕೆ 30 ದಾಟಿದ ಉಸಿರು, ಜೊತೆಗೆ ಗಲಿಬಿಲಿ ಇದ್ದರೆ ಡಾಕ್ಟರುಗಳು ಅದನ್ನು ಗಂಭೀರ ಎಂದೇ ಲೆಕ್ಕ ಹಾಕುತ್ತಾರೆ. ಮಧ್ಯವಯಸ್ಸಿನವರಲ್ಲಿ ಸಾಮಾನ್ಯವಾಗಿ ಮೈ ನಡುಗಿಸುವ ಚಳಿಜ್ವರ, ಉಸಿರು ಎಳೆದಾಗ ಪಕ್ಕೆಯಲ್ಲಿ ಚುಚ್ಚಿದಂಥ ನೋವು, ಮೆಟ್ಟಿಲು ಹತ್ತಿದರೆ ಏದುಸಿರು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು, ಬೀಡಿ ಸಿಗರೇಟು ಸೇದುವವರು ಒಂದು ದಿನ ಮೊದಲೇ ತೋರಿಸಿಕೊಳ್ಳುವುದು ಒಳ್ಳೆಯದು.

ಫ್ಲೂ ಅಂದ್ರೆ ಜೋರು ನೆಗಡಿ ತಾನೇ?

ಹೆಸರು ಹತ್ತಿರ, ಗುಣ ದೂರ. ನೆಗಡಿ ಮೆಲ್ಲಗೆ ಬರುತ್ತದೆ. ಫ್ಲೂ ಬಂದವರು ಗಂಟೆ ಹೇಳಬಲ್ಲರು: “ಮಧ್ಯಾಹ್ನ ಊಟ ಮಾಡಿದಾಗ ಚೆನ್ನಾಗಿದ್ದೆ, ಮೂರು ಗಂಟೆಗೆ ಮೈ ಕೈ ಮುರಿದು ಹಾಕಿದಂಗಾಯ್ತು.” ಜ್ವರ 102, 103 ಡಿಗ್ರಿ, ತಲೆನೋವು, ಒಣಕೆಮ್ಮು, ಹಾಸಿಗೆ ಬಿಟ್ಟು ಏಳಲಾಗದ ಸುಸ್ತು. ನಮ್ಮ ದೇಶದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಒಂದು ಸಲ, ಮಳೆಗಾಲದ ಆಸುಪಾಸಿನಲ್ಲಿ ಇನ್ನೊಂದು ಸಲ ಏರುತ್ತದೆ. ಹೆಚ್ಚಿನವರಿಗೆ ತಾನಾಗಿ ವಾಸಿಯಾಗುತ್ತದೆ. ಆದರೆ ಗರ್ಭಿಣಿಯರು, ವಯಸ್ಸಾದವರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆಯವರು ಕಾಯಬಾರದು. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮಾತ್ರೆಯನ್ನು ಕಾಯಿಲೆ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕು ದಿನ ಕಷಾಯ ಕುಡಿದು ಬಂದರೆ ಆ ಗಳಿಗೆ ತಪ್ಪಿಹೋಗಿರುತ್ತದೆ.

ಕೋವಿಡ್ ಇರಬಹುದಾ ಅಂತ ಈಗಲೂ ನೋಡಬೇಕಾ?

ಬರೀ ಲಕ್ಷಣ ನೋಡಿ ನೆಗಡಿ, ಫ್ಲೂ, ಕೋವಿಡ್ ಖಚಿತವಾಗಿ ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ, ಟೆಸ್ಟೇ ಹೇಳಬೇಕು. ಮನೆಯಲ್ಲಿ ಮಾಡಬೇಕಾದ್ದು ಮೂರಕ್ಕೂ ಒಂದೇ: ಮಾಸ್ಕ್, ಬೇರೆ ಲೋಟ, ಮತ್ತೆ ಉಸಿರಿನ ಮೇಲೆ ಕಣ್ಣು.

ಆಗ ತಂದ ಆಕ್ಸಿಮೀಟರ್ ಬೀರುವಿನಲ್ಲಿದೆ. ಉಪಯೋಗ ಆಗುತ್ತಾ?

ಆಗುತ್ತದೆ, ಮೊದಲು ಸೆಲ್ ಬದಲಿಸಿ. ಉಗುರುಬಣ್ಣ, ಮೆಹೆಂದಿ ಇಲ್ಲದ ಬೆರಳಿಗೆ ಹಾಕಿ. ಚಳಿಗೆ ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ಒಂದೇ ಕಡೆ ನಿಲ್ಲುವವರೆಗೆ ಒಂದು ನಿಮಿಷ ಬಿಡಿ. 95 ಅಥವಾ ಅದರ ಮೇಲಿದ್ದರೆ ಸರಿ. 94 ಅಥವಾ ಅದಕ್ಕಿಂತ ಕೆಳಗೆ ಬಂದರೆ ಡಾಕ್ಟರಿಗೆ ತೋರಿಸಿ, 90ಕ್ಕಿಂತ ಕೆಳಗೆ ತುರ್ತು. ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರ ಇರುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದುಂಟು. ಯಂತ್ರ 96 ಅಂದರೂ ಮನುಷ್ಯ ಏದುಸಿರು ಬಿಡುತ್ತಿದ್ದರೆ ಮನುಷ್ಯನನ್ನು ನಂಬಿ.

ಎರಡು ವಾರದಿಂದ ಕೆಮ್ಮು, ಬೇರೆ ಏನೂ ಇಲ್ಲ. ಏನು ಮಾಡಲಿ?

ಕಫ ಪರೀಕ್ಷೆ ಮಾಡಿಸಿ. ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲೇಬೇಕು. ಸಂಜೆಯಾದರೆ ಸಣ್ಣ ಜ್ವರ, ರಾತ್ರಿ ಬೆವರು, ಸೊಂಟದ ಬಟ್ಟೆ ಸಡಿಲವಾಗುವುದು ಇದ್ದರೆ ಇನ್ನೂ ಬೇಗ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಆರು ತಿಂಗಳ ಔಷಧಿಗೂ ದುಡ್ಡಿಲ್ಲ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆಂದು ಬ್ಯಾಂಕಿಗೆ ಹಾಕುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1000ಕ್ಕೆ ಏರಿಸಿದ್ದಾರೆ. ಪರೀಕ್ಷೆಗೆ ಕೊಡುವ ಡಬ್ಬಿಗೆ ಉಗುಳು ಹಾಕಿ ಕೊಡಬೇಡಿ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಬೇಕು.

ಈ ವಿಷಯದಲ್ಲಿ ನಮ್ಮ ಪಕ್ಕದ ತುಮಕೂರು ಜಿಲ್ಲೆಗೆ ಜಗತ್ತಿನ ವೈದ್ಯಶಾಸ್ತ್ರದಲ್ಲೇ ಒಂದು ಜಾಗ ಇದೆ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಅಲ್ಲಿನ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿ ಕ್ಷಯ ಇದ್ದವರನ್ನು ಹುಡುಕಿದರು. ಹಳ್ಳಿಯವರಿಗೆ ರೋಗದ ಅರಿವೇ ಇರುವುದಿಲ್ಲ ಎಂದು ಆಗ ದೊಡ್ಡವರೆಲ್ಲ ನಂಬಿದ್ದ ಕಾಲ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬಿಬ್ಬರು ಆ ರೋಗಿಗಳನ್ನೇ ಮಾತಾಡಿಸಿ 1963ರಲ್ಲಿ ಪ್ರಕಟಿಸಿದ್ದು ಬೇರೆಯೇ ಚಿತ್ರ: ಬಹುಪಾಲು ಜನರಿಗೆ ತಮಗೇನೋ ಆಗಿದೆ ಎಂದು ಗೊತ್ತಿತ್ತು, ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಹಾಗಾಗಿ ಯಾರಾದರೂ ನಿಮ್ಮ ಮೂರು ವಾರದ ಕೆಮ್ಮಿಗೆ ಸಿರಪ್ ಬರೆದು ಕಳಿಸಿದರೆ “ಕಫ ಪರೀಕ್ಷೆ ಬೇಡ್ವಾ ಸಾರ್?” ಎಂದು ಬಾಯಿ ಬಿಟ್ಟು ಕೇಳಿ. ಸಂಕೋಚ ಬೇಡ.

ಕ್ರಷರ್‌ನಲ್ಲಿ ಕೆಲಸ ಮಾಡ್ತೀನಿ. ವರ್ಷವಿಡೀ ನೆಗಡಿ ಕೆಮ್ಮು.

ವರ್ಷವಿಡೀ ಇರುವುದು ನೆಗಡಿಯಲ್ಲ. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತು ಗಾಯದ ಕಲೆ ಕಟ್ಟುತ್ತದೆ, ಅದೇ ಸಿಲಿಕೋಸಿಸ್. ಅದನ್ನು ವಾಸಿ ಮಾಡುವ ಔಷಧಿ ಇಲ್ಲ, ಅದಿದ್ದವರಿಗೆ ಕ್ಷಯ ಹಿಡಿಯುವುದೂ ಸುಲಭ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಆದರೆ ಈ ರೋಗ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೂ ತಲೆ ಎತ್ತಬಲ್ಲದು. ಡಾಕ್ಟರ ಮುಂದೆ ಕೂತಾಗ ಮೊದಲು ನಿಮ್ಮ ಕೆಲಸ ಏನು, ಎಷ್ಟು ವರ್ಷ ಮಾಡಿದಿರಿ ಎಂದು ಹೇಳಿ. ಅವರು ಕೇಳಲು ಮರೆಯುತ್ತಾರೆ.

ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಮನೆಗಳಲ್ಲಿ ಗೂಡು ಬೇಯಿಸುವ ಆವಿಯ ಮುಂದೆ ದಿನವಿಡೀ ನಿಲ್ಲುವವರಿಗೆ, ಚಿಟ್ಟೆ ರೆಕ್ಕೆಯ ಪುಡಿ ಹಾರುವ ಮೊಟ್ಟೆ ಕೇಂದ್ರಗಳಲ್ಲಿ ಇರುವವರಿಗೆ ಗೂರಲು ಬರುವುದುಂಟು. ಪತ್ತೆ ಹಚ್ಚುವ ಉಪಾಯ ಸುಲಭ. ಹಬ್ಬಕ್ಕೆ ತವರಿಗೆ ಹೋದ ನಾಲ್ಕು ದಿನ ಕೆಮ್ಮು ಮಾಯವಾಗಿ, ಕೆಲಸಕ್ಕೆ ಬಂದ ದಿನವೇ ಮತ್ತೆ ಹತ್ತಿಕೊಂಡರೆ ಅದು ವೈರಸ್ ಅಲ್ಲ, ಕೆಲಸದ ಜಾಗ. ರಾತ್ರಿ ಎರಡು ಮೂರು ಗಂಟೆಗೆ ಕೆಮ್ಮು ಎಬ್ಬಿಸುವುದು, ಜ್ವರ ಇಲ್ಲದಿರುವುದು, ಮೂಗು ಕಣ್ಣು ತುರಿಸುವುದು ಅಲರ್ಜಿ, ಆಸ್ತಮಾ ಕಡೆ ಬೆರಳು ತೋರುತ್ತವೆ. ಇನ್‌ಹೇಲರ್ ಚಟವಾಗುತ್ತದೆ ಎನ್ನುವುದು ಸುಳ್ಳು.

ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಬಹುದಾ?

ಅಂಗಡಿಯಲ್ಲಿ ಕೇಳಿ ತಂದು ಕೊಡಬೇಡಿ. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಬೆರೆಸಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಎಂದು ಬಾಟಲಿಯ ಮೇಲೆ ಮುದ್ರಿಸುವಂತೆ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಆದೇಶಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಕಡೆ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಕೆಟ್ಟು ತೀರಿಹೋದದ್ದು ನೆನಪಿರಬೇಕು. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಸಾಕು. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು. ಜ್ವರಕ್ಕೆ ಪ್ಯಾರಸಿಟಮಾಲ್, ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಡ್ರಾಪ್ಸ್ ಬೇರೆ, ಸಿರಪ್ ಬೇರೆ, ಸಾಂದ್ರತೆ ನೋಡಿ ಅಳೆಯಿರಿ. ಆಸ್ಪಿರಿನ್ ಬೇಡ.

ಕಷಾಯ, ಆವಿ, ಬಾಮ್?

ಮೆಣಸು ಶುಂಠಿ ಕಷಾಯ ದೊಡ್ಡವರ ಗಂಟಲಿಗೆ ಹಿತ, ಹುರುಳಿಕಟ್ಟಿನ ಸಾರು ಇನ್ನೂ ಹಿತ. ಮಕ್ಕಳನ್ನು ಕುದಿಯುವ ನೀರಿನ ಪಾತ್ರೆಯ ಮುಂದೆ ಕಂಬಳಿ ಹೊದಿಸಿ ಕೂರಿಸಬೇಡಿ. ಪಾತ್ರೆ ಮಗುಚಿ ತೊಡೆ ಸುಟ್ಟುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ, ಅದರ ಮುಂದೆ ನೆಗಡಿ ಏನೂ ಅಲ್ಲ. ಕರ್ಪೂರ ಇರುವ ಬಾಮ್ ಎರಡು ವರ್ಷದೊಳಗಿನವರಿಗೆ ಬೇಡ.

ದ್ರಾಕ್ಷಿ, ಬಾಳೆಹಣ್ಣು, ಮೊಸರು ತಿಂದ್ರೆ ನೆಗಡಿ ಜಾಸ್ತಿ ಆಗುತ್ತಾ?

ಇಲ್ಲ. ಚಿಕ್ಕಬಳ್ಳಾಪುರದಲ್ಲಿ ಇದ್ದುಕೊಂಡು ದ್ರಾಕ್ಷಿಗೆ ಹೆದರುವುದೇ?

ಒಂದು ಇಂಜೆಕ್ಷನ್ ಹಾಕಿಸಿದ್ರೆ ಬೇಗ ಹೋಗುತ್ತಲ್ಲ?

ನೆಗಡಿ ಹೋಗುವ ದಿನವೇ ಹೋಗುತ್ತದೆ. ಮೂರನೇ ದಿನ ಇಂಜೆಕ್ಷನ್ ಹಾಕಿಸಿದರೆ, ನಾಲ್ಕನೇ ದಿನ ತಾನಾಗಿ ಇಳಿಯಬೇಕಿದ್ದದ್ದು ಇಳಿದು, ಹೆಸರು ಸೂಜಿಗೆ ಬರುತ್ತದೆ.

ತಡೆಯೋಕೆ ಲಸಿಕೆ ಇದೆಯಾ?

ನೆಗಡಿಗೆ ಇಲ್ಲ. ನ್ಯುಮೋನಿಯಾ ತರುವ ಕೆಲವು ರೋಗಾಣುಗಳಿಗೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಐದು ರೋಗ ತಡೆಯುವ ಪೆಂಟಾವೇಲೆಂಟ್ ಲಸಿಕೆ 6, 10, 14ನೇ ವಾರಕ್ಕೆ. ನಾಯಿಕೆಮ್ಮು, ಗಂಟಲಮಾರಿಗೂ ಅದೇ ತಡೆ. ನ್ಯುಮೋಕಾಕಲ್ ಲಸಿಕೆ 6, 14ನೇ ವಾರ ಮತ್ತು 9ನೇ ತಿಂಗಳಿಗೆ, ಅದು ಇಡೀ ದೇಶಕ್ಕೆ ಬಂದದ್ದು 2021ರಲ್ಲಿ. ದಡಾರದ ಲಸಿಕೆಯನ್ನೂ ಬಿಡಬೇಡಿ, ದಡಾರದ ಹಿಂದೆಯೇ ನ್ಯುಮೋನಿಯಾ ಬರುವುದು ಹೆಚ್ಚು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕು. ವಯಸ್ಸಾದವರಿಗೆ, ದಮ್ಮು ಇರುವವರಿಗೆ ಹಾಕಿಸಿದರೆ ದಂಡವಲ್ಲ.

ರಾತ್ರಿ ಎರಡು ಗಂಟೆಗೆ ಮಗು ಉಸಿರಿಗೆ ಒದ್ದಾಡ್ತಿದೆ. ಬೆಳಗಾಗಲಿ ಅಂತ ಕಾಯಬಹುದಾ?

ಬೇಡ. 108ಕ್ಕೆ ಫೋನ್ ಮಾಡಿ, ಊರಿನ ಹೆಸರಿನ ಜೊತೆ ಎಲ್ಲರಿಗೂ ಗೊತ್ತಿರುವ ಗುರುತು ಹೇಳಿ: ಡೇರಿ, ಅರಳಿಕಟ್ಟೆ, ನೀರಿನ ಟ್ಯಾಂಕು. ಗಾಡಿ ಬರುವವರೆಗೆ ಮಗುವನ್ನು ಭುಜದ ಮೇಲೆ ನೆಟ್ಟಗೆ ಹಿಡಿದುಕೊಳ್ಳಿ, ಮಲಗಿಸಬೇಡಿ. ಮೈ ಬೆಚ್ಚಗಿರಲಿ, ಆದರೆ ಮುಖಕ್ಕೆ ಕಂಬಳಿ ಮುಚ್ಚಬೇಡಿ. ಮಂಪರಿನಲ್ಲಿರುವ ಮಗುವಿನ ಬಾಯಿಗೆ ನೀರು, ಕಷಾಯ ಏನೂ ಹಾಕಬೇಡಿ. ಹೊಟ್ಟೆಗೆ ಬರೆ ಹಾಕಿಸೋಣ ಎನ್ನುವವರನ್ನು ಬಾಗಿಲಾಚೆ ನಿಲ್ಲಿಸಿ. ಆಸ್ಪತ್ರೆಯಲ್ಲಿ ಮೂರು ಮಾತು ಹೇಳಿದರೆ ಸಾಕು: ಯಾವ ದಿನ ಶುರುವಾಯಿತು, ನಿಮಿಷಕ್ಕೆ ಎಷ್ಟು ಉಸಿರು, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ. ತಾಯಿ ಕಾರ್ಡ್ ಕೈಗೆ ಸಿಕ್ಕರೆ ತೆಗೆದುಕೊಳ್ಳಿ. ಸಿಗದಿದ್ದರೆ ಹುಡುಕುತ್ತ ನಿಲ್ಲಬೇಡಿ, ಬೆಳಿಗ್ಗೆ ಯಾರ ಕೈಲಾದರೂ ತರಿಸಿಕೊಳ್ಳಬಹುದು.